ಹಳೆಯ ಲಾರಿಗಳ ಚಾವಣಿಯ ಶಾಖ ಮತ್ತು ಶಬ್ದ ನಿರೋಧನ

ಹಳೆಯ ಲಾರಿಗಳ ಚಾವಣಿಯ ಶಾಖ ಮತ್ತು ಶಬ್ದ ನಿರೋಧನವು ಪುನಶ್ಚೇತನಗೊಳಿಸುವ ಹಳೆಯ ಸರಕು ವಾಹನಗಳ ಚಾಲಕನ ಕೋಣೆಗೆ, ಅಂದರೆ ಕ್ಯಾಬಿನ್ನಿಗೆ, ಬಿಸಿಲಿನ ಶಾಖವೂ ತಗಡಿನ ಕಂಪನದ ಸದ್ದೂ ಇಳಿಯದಂತೆ ತಡೆಯುವ ಕ್ರಮವಾಗಿದೆ. ಇದಕ್ಕಾಗಿ ಚಾವಣಿಯ ಒಳಮೈಗೆ ಸೂಕ್ತ ಸಾಮಗ್ರಿಗಳ ಪದರಗಳನ್ನು ಅಳವಡಿಸಲಾಗುತ್ತದೆ. ಶಾಖ ಮತ್ತು ಶಬ್ದ ಬೇರೆ ಬೇರೆ ರೀತಿಯಲ್ಲಿ ಚಲಿಸುವುದರಿಂದ ಒಂದೇ ಪದರ ಎರಡನ್ನೂ ಪೂರ್ಣವಾಗಿ ತಡೆಯುವುದಿಲ್ಲ. ತಪ್ಪು ಆಯ್ಕೆಯಿಂದ ತೇವ ಸಿಕ್ಕಿಕೊಂಡು ಚಾವಣಿಯೇ ತುಕ್ಕು ಹಿಡಿಯುವ ಅಪಾಯವೂ ಇದೆ.

== ಹಿನ್ನೆಲೆ ==

ಭಾರತದಲ್ಲಿ ಟೆಲ್ಕೊ ಸಂಸ್ಥೆಯು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಸಹಯೋಗದೊಂದಿಗೆ ಜಮ್‌ಶೆಡ್‌ಪುರದಲ್ಲಿ ಲಾರಿಗಳ ತಯಾರಿಕೆ ಆರಂಭಿಸಿತು. ಈ ಸಹಯೋಗ 1969ರಲ್ಲಿ ಕೊನೆಗೊಂಡಿತು. ಟಾಟಾ ಮರ್ಸಿಡಿಸ್-ಬೆಂಜ್, ಅಶೋಕ್ ಲೇಲ್ಯಾಂಡ್ ಕಾಮೆಟ್, ಡಾಡ್ಜ್ ಮತ್ತು ಫಾರ್ಗೊ ಲಾರಿಗಳು ಆ ಕಾಲದ ಪರಿಚಿತ ವಾಹನಗಳು. ಅನೇಕ ಲಾರಿಗಳು ಕಾರ್ಖಾನೆಯಿಂದ ಕೇವಲ ಚಾಸಿಯಾಗಿ ಹೊರಬರುತ್ತಿದ್ದವು. ಮರದ ಚೌಕಟ್ಟು ಮತ್ತು ತಗಡಿನಿಂದ ಕ್ಯಾಬಿನ್ ಕಟ್ಟುವ ಕೆಲಸ ಸ್ಥಳೀಯ ಬಾಡಿ ಕಟ್ಟುವವರದ್ದಾಗಿತ್ತು. ಆದ್ದರಿಂದ ಒಂದೇ ಮಾದರಿಯ ಎರಡು ಲಾರಿಗಳ ಚಾವಣಿಗಳು ಒಂದೇ ರೀತಿ ಇರಬೇಕೆಂದಿಲ್ಲ.

ಬಾಗಲಕೋಟೆ ಜಿಲ್ಲೆಯ ಇಳಕಲ್ ಕೆಂಪು ಗ್ರಾನೈಟ್ ಶಿಲೆಗೆ ಹೆಸರಾಗಿದೆ. ಬಾದಾಮಿ ಪರಿಸರದಲ್ಲಿ ಮರಳುಗಲ್ಲು ದೊರೆಯುತ್ತದೆ. ಸೊಲ್ಲಾಪುರ, ವಿಜಯಪುರಗಳಿಂದ ದಕ್ಷಿಣಕ್ಕೆ ಸಾಗುವ ಹೆದ್ದಾರಿ ಹುನಗುಂದ ಮತ್ತು ಇಳಕಲ್ ಮಾರ್ಗವಾಗಿ ಹಾದುಹೋಗುತ್ತದೆ. ಏಪ್ರಿಲ್–ಮೇ ತಿಂಗಳುಗಳಲ್ಲಿ ಈ ಭಾಗದ ಹಗಲಿನ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತದೆ. ಬಿಸಿಲಿನಲ್ಲಿ ನಿಂತ ಕಡುಬಣ್ಣದ ತಗಡು ಇದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಹಳೆಯ ಲಾರಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

== ಶಾಖ ತಡೆಯುವ ತತ್ತ್ವ ==

ಈ ಪ್ರದೇಶದ ಸಾಂಪ್ರದಾಯಿಕ ಜಂತಿ ಮನೆಗಳಲ್ಲಿ ಮರದ ತೊಲೆ ಮತ್ತು ಜಂತಿಗಳ ಮೇಲೆ ದಪ್ಪನಾಗಿ ಮಣ್ಣು ಹಾಸಲಾಗುತ್ತದೆ. ಹಗಲಿನ ಶಾಖವನ್ನು ಮಣ್ಣು ಹೀರಿಕೊಂಡು ಹಲವು ಗಂಟೆಗಳ ನಂತರವಷ್ಟೇ ಕೆಳಗೆ ಬಿಡುತ್ತದೆ. ಆದರೆ 20 ಸೆಂಟಿಮೀಟರ್ ದಪ್ಪದ ಮಣ್ಣು ಪ್ರತಿ ಚದರ ಮೀಟರಿಗೆ ಸುಮಾರು 300 ಕಿಲೋಗ್ರಾಂ ತೂಗುತ್ತದೆ. ಲಾರಿಯ ಚಾವಣಿ ಅಂತಹ ಭಾರ ಹೊರಲಾರದು. ಹೀಗಾಗಿ ಅಲ್ಲಿ ತೂಕದ ಬದಲು ಸಣ್ಣ ಕೋಶಗಳಲ್ಲಿ ಸೆರೆಯಾದ ಗಾಳಿಯನ್ನು ಅವಲಂಬಿಸಬೇಕಾಗುತ್ತದೆ. ನಿಶ್ಚಲ ಗಾಳಿ ಶಾಖದ ಅತ್ಯಂತ ದುರ್ಬಲ ವಾಹಕ.

ತಗಡು 65 ಡಿಗ್ರಿ ಮತ್ತು ಕ್ಯಾಬಿನ್ನಿನ ಗಾಳಿ 40 ಡಿಗ್ರಿ ಇದೆ ಎಂದು ಭಾವಿಸಿದರೆ, ಬರಿಯ ತಗಡಿನ ಮೂಲಕ ಪ್ರತಿ ಚದರ ಮೀಟರಿಗೆ ಸುಮಾರು 150 ವ್ಯಾಟ್ ಶಾಖ ಒಳಬರುತ್ತದೆ. 10 ಮಿಲಿಮೀಟರ್ ದಪ್ಪದ ಉತ್ತಮ ಫೋಮ್ ಹಾಕಿದರೆ ಇದು ಸುಮಾರು 55 ವ್ಯಾಟ್‌ಗೂ, 20 ಮಿಲಿಮೀಟರ್ ಹಾಕಿದರೆ ಸುಮಾರು 35 ವ್ಯಾಟ್‌ಗೂ ಇಳಿಯುತ್ತದೆ. ಮೊದಲ 10 ಮಿಲಿಮೀಟರಿನಿಂದಲೇ ಹೆಚ್ಚಿನ ಪ್ರಯೋಜನ ದೊರೆಯುವುದರಿಂದ, ತಲೆ ತಾಗುವಷ್ಟು ದಪ್ಪ ಪದರ ಹಾಕುವ ಅಗತ್ಯವಿಲ್ಲ. ಚಾವಣಿಯ ಹೊರಮೈಗೆ ಬಿಳಿ ಬಣ್ಣ ಬಳಿದರೆ ತಗಡು ಕಾಯುವುದೇ ಕಡಿಮೆಯಾಗುತ್ತದೆ.

== ಶಬ್ದ ತಡೆಯುವ ತತ್ತ್ವ ==

ಅಗಲವಾದ ತೆಳು ತಗಡು ಎಂಜಿನ್ ಮತ್ತು ರಸ್ತೆಯ ಕಂಪನಕ್ಕೆ ತಮಟೆಯಂತೆ ಮೊಳಗುತ್ತದೆ. ಬ್ಯುಟೈಲ್ ರಬ್ಬರಿನ ಅಂಟುಹಾಳೆ ಕಂಪನದ ಶಕ್ತಿಯನ್ನು ಅಲ್ಪ ಪ್ರಮಾಣದ ಶಾಖವಾಗಿ ಪರಿವರ್ತಿಸಿ ಈ ಮೊಳಗನ್ನು ತಗ್ಗಿಸುತ್ತದೆ. ಇಡೀ ಚಾವಣಿಗೆ ಹಾಳೆ ಹಚ್ಚಬೇಕಿಲ್ಲ. ಅಡ್ಡಪಟ್ಟಿಗಳ ನಡುವಿನ ಪ್ರತಿ ಭಾಗದ ಮಧ್ಯದಲ್ಲಿ ಕಾಲು ಭಾಗದಿಂದ ಅರ್ಧದಷ್ಟು ಹಚ್ಚಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಆದರೆ ಕ್ಯಾಬಿನ್ನಿನ ಸದ್ದಿನ ಬಹುಪಾಲು ಎಂಜಿನ್ ಮುಚ್ಚಳ, ನೆಲ ಮತ್ತು ಎಂಜಿನ್ ಬದಿಯ ಗೋಡೆಯ ಮೂಲಕ ಬರುತ್ತದೆ. ಅಲ್ಲಿನ ತೂತು ಮತ್ತು ಸಂದುಗಳನ್ನು ಮುಚ್ಚದೆ ಚಾವಣಿಗೆ ಮಾತ್ರ ಹಣ ವ್ಯಯಿಸಿದರೆ ಫಲ ಅಲ್ಪ. 85 ಡೆಸಿಬೆಲ್ ಮಟ್ಟದ ಸದ್ದಿಗೆ ದಿನಕ್ಕೆ 8 ಗಂಟೆಗಳಂತೆ ವರ್ಷಗಟ್ಟಲೆ ಒಡ್ಡಿಕೊಂಡರೆ ಶ್ರವಣಶಕ್ತಿಗೆ ಶಾಶ್ವತ ಹಾನಿಯಾಗುವ ಸಂಭವವಿದೆ.

== ಸಾಮಗ್ರಿಗಳು ==

* ಮುಚ್ಚಿದ ಕೋಶಗಳ ಫೋಮ್: ಪಾಲಿಎಥಿಲೀನ್ ಅಥವಾ ನೈಟ್ರೈಲ್ ರಬ್ಬರಿನಿಂದ ತಯಾರಾಗುತ್ತದೆ. ಹವಾನಿಯಂತ್ರಕದ ಕೊಳವೆಗೆ ಸುತ್ತುವ ಕಪ್ಪು ಫೋಮ್ ಈ ಬಗೆಯದು. ನೀರು ಹೀರುವುದಿಲ್ಲವಾದ್ದರಿಂದ ಚಾವಣಿಗೆ ಸೂಕ್ತ.
* ಬ್ಯುಟೈಲ್ ಹಾಳೆ: ಕಂಪನ ತಡೆಯುತ್ತದೆ, ಶಾಖ ತಡೆಯುವುದು ಅತ್ಯಲ್ಪ.
* ಡಾಂಬರು ಹಾಳೆ: ಅಗ್ಗವಾದರೂ ಬಿಸಿಲಿಗೆ ಮೆತ್ತಗಾಗಿ ಜಾರಬಹುದು, ವಾಸನೆ ಬೀರಬಹುದು. ಚಾವಣಿಗೆ ಯೋಗ್ಯವಲ್ಲ.
* ಅಲ್ಯೂಮಿನಿಯಂ ಹಾಳೆ: ವಿಕಿರಣ ಶಾಖವನ್ನು ತಡೆಯುತ್ತದೆ. ಇದರ ಒಂದು ಬದಿಗಾದರೂ ಗಾಳಿಯ ತೆರವು ಇರಬೇಕು. ಎರಡು ಪದರಗಳ ನಡುವೆ ಒತ್ತಿ ಹಾಕಿದರೆ ಪ್ರಯೋಜನವಿಲ್ಲ.
* ಹತ್ತಿ ಅಥವಾ ಚಿಂದಿಯ ಫೆಲ್ಟ್: ಕ್ಯಾಬಿನ್ನಿನ ಒಳಗಿನ ಸದ್ದನ್ನು ಚೆನ್ನಾಗಿ ಹೀರುತ್ತದೆ, ಆದರೆ ಮಳೆಗಾಲದಲ್ಲಿ ತೇವವನ್ನೂ ಹಿಡಿದಿಡುತ್ತದೆ.
* ಥರ್ಮೋಕೋಲ್: ಶಾಖ ತಡೆದರೂ ಸುಲಭವಾಗಿ ಉರಿಯುತ್ತದೆ. ದ್ರಾವಕವಿರುವ ರಬ್ಬರ್ ಅಂಟು ತಗುಲಿದರೆ ಕರಗುತ್ತದೆ.

== ಅಳವಡಿಕೆಯ ಕ್ರಮ ==

ಮೊದಲು ಹಳೆಯ ಒಳಹೊದಿಕೆಯನ್ನು ತೆಗೆದು, ತುಕ್ಕು ಉಜ್ಜಿ, ಸೋರುವ ಜೋಡಣೆಗಳನ್ನು ಸರಿಪಡಿಸಿ, ಪ್ರೈಮರ್ ಬಳಿಯಲಾಗುತ್ತದೆ. ಮರದ ಚೌಕಟ್ಟು ಲಡ್ಡಾಗಿದ್ದರೆ ಈ ಹಂತದಲ್ಲೇ ಬದಲಾಯಿಸಬೇಕು. ನೀರು ಸುರಿದು ಸೋರಿಕೆ ಪರೀಕ್ಷಿಸಿ, ಸಂಪೂರ್ಣ ಒಣಗಿದ ನಂತರ ಬ್ಯುಟೈಲ್ ಹಾಳೆಯನ್ನು ತಗಡಿಗೆ ನೇರವಾಗಿ ಹಚ್ಚಿ ರೋಲರಿನಿಂದ ಗಾಳಿಗುಳ್ಳೆ ಉಳಿಯದಂತೆ ಒತ್ತಬೇಕು. ಅದರ ಕೆಳಗೆ ಇಡೀ ಚಾವಣಿಗೆ ಫೋಮ್ ಹಚ್ಚಿ ಸಂದುಗಳನ್ನು ಟೇಪಿನಿಂದ ಮುಚ್ಚಲಾಗುತ್ತದೆ. ಫೋಮ್ ತಗಡಿಗೆ ಪೂರ್ತಿ ಅಂಟಿಕೊಂಡರೆ ನಡುವೆ ತೇವಭರಿತ ಗಾಳಿ ಸೇರಿ ಇಬ್ಬನಿಗಟ್ಟುವುದಿಲ್ಲ. ಕೊನೆಯಲ್ಲಿ, ಸ್ವಲ್ಪ ತೆರವು ಬಿಟ್ಟು, ರೆಕ್ಸಿನ್ ಅಥವಾ ಪ್ಲೈವುಡ್ ಒಳಹೊದಿಕೆಯನ್ನು ಬಿಚ್ಚಲು ಬರುವಂತೆ ಸ್ಕ್ರೂಗಳಿಂದ ಜೋಡಿಸಲಾಗುತ್ತದೆ.

== ಸುರಕ್ಷತೆ ==

ಹಳೆಯ ಲಾರಿಗಳ ಬ್ರೇಕ್ ಲೈನಿಂಗ್ ಮತ್ತು ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಬಳಕೆಯಾಗುತ್ತಿತ್ತು. ಶಾಖ ತಡೆಯಲು ಹಾಕಿದ ನಾರಿನ ಹಾಳೆ ಕಂಡುಬಂದರೆ ಅದನ್ನು ಒಣಗಿದ ಸ್ಥಿತಿಯಲ್ಲಿ ಕೆರೆಯುವುದು ಅಪಾಯಕರ. ಕಲ್ನಾರಿನ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಒಳಹೊದಿಕೆ ಮತ್ತು ಫೋಮ್ ಬೆಂಕಿ ಬೇಗ ಹರಡದ ಬಗೆಯದಾಗಿರಬೇಕು. ವಿದ್ಯುತ್ ತಂತಿಗಳನ್ನು ಫೋಮಿನೊಳಗೆ ಹುದುಗಿಸದೆ ಪ್ರತ್ಯೇಕ ಕೊಳವೆಯಲ್ಲಿ ಒಯ್ಯಬೇಕು. ಅಂಟು ಮತ್ತು ಬಣ್ಣ ಬಳಿಯುವಾಗ ಕ್ಯಾಬಿನ್ನಿನ ಬಾಗಿಲುಗಳನ್ನು ತೆರೆದಿಡುವುದು ಅವಶ್ಯಕ.