ಕಲ್ಲುಬಾನಿಯಲ್ಲಿ ಅರಳುವ ಹಿಮಗಿರಿಯ ಹೂ

ಮೊಳದುದ್ದದ ದಂಟಿನ ತುದಿಯಲ್ಲಿ ಅರಳಿ ಹೂಗುಚ್ಛಗಳನ್ನು ಶೋಭಿಸುವ ಕಾರ್ನೇಷನ್ ಹೂವನ್ನು ಕಾಣದವರು ವಿರಳ. ಆದರೆ ಅದೇ ಕುಲದಲ್ಲಿ ಗೇಣುದ್ದವೂ ಬೆಳೆಯದ ಕುಳ್ಳ ಸಸ್ಯಗಳಿವೆಯೆಂಬುದು ಅನೇಕರಿಗೆ ತಿಳಿಯದು. ಯೂರೋಪಿನ ಎತ್ತರದ ಪರ್ವತಗಳು ಅವುಗಳ ತವರು. ಸಸ್ಯಶಾಸ್ತ್ರಜ್ಞರು ಈ ಕುಲವನ್ನು ‘ಡೈಯಾಂಥಸ್’ ಎಂದು ಕರೆಯುತ್ತಾರೆ. ಗ್ರೀಕ್ ಮೂಲದ ಈ ಪದಕ್ಕೆ ‘ದೇವಪುಷ್ಪ’ವೆಂದೇ ಅರ್ಥ.

ಇವುಗಳಲ್ಲಿ ಮುಖ್ಯವಾದುದು ಆಸ್ಟ್ರಿಯ ದೇಶದ ಸುಣ್ಣಕಲ್ಲಿನ ಬೆಟ್ಟಗಳಲ್ಲಿ ಬೆಳೆಯುವ ‘ಡೈಯಾಂಥಸ್ ಆಲ್ಪೈನಸ್’. ನೆಲಕ್ಕಂಟಿದ ಹಸಿರು ಹಾಸಿನ ಮೇಲೆ, ಗಿಡಕ್ಕಿಂತ ಹೂವೇ ದೊಡ್ಡದೆನಿಸುವಂತೆ, ಅದರ ಗುಲಾಬಿ ವರ್ಣದ ಹೂಗಳು ಅರಳುತ್ತವೆ. ಬಲ್ಗೇರಿಯದ ಬೆಟ್ಟಗಳ ‘ಮೈಕ್ರೊಲೆಪಿಸ್’ ಇನ್ನೂ ಕಿರಿದು; ಪುಟ್ಟ ದಿಂಬಿನಂತೆ ಒತ್ತಾಗಿ ಬೆಳೆಯುತ್ತದೆ.

ಇಂಗ್ಲೆಂಡಿನಲ್ಲಿ ಇಂತಹ ಗಿರಿಸಸ್ಯಗಳ ಒಲವನ್ನು ಹಬ್ಬಿಸಿದವರಲ್ಲಿ ರೆಜಿನಾಲ್ಡ್ ಫ್ಯಾರರ್ ಪ್ರಮುಖರು. ಶಿಲೋದ್ಯಾನವನ್ನು ಕುರಿತ ಅವರ ಗ್ರಂಥ 1907ರಲ್ಲಿ ಪ್ರಕಟವಾಯಿತು. ದನಗಳಿಗೆ ನೀರುಣಿಸುತ್ತಿದ್ದ ಹಳೆಯ ಕಲ್ಲುಬಾನಿಗಳಲ್ಲಿ ಇವುಗಳನ್ನು ಬೆಳೆಸುವ ರೂಢಿಯನ್ನು ಕ್ಲಾರೆನ್ಸ್ ಎಲಿಯಟ್ ಜನಪ್ರಿಯಗೊಳಿಸಿದರು. ಅಂಗಳವಿಲ್ಲದ ಮನೆಗೂ ಹೀಗೆ ಒಂದು ಪುಟ್ಟ ಬೆಟ್ಟ ದೊರೆತಂತಾಯಿತು.

ಬೆಳೆಸುವ ಕ್ರಮ ಸರಳ. ಬಾನಿಯ ತಳದಲ್ಲಿ ನೀರು ಬಸಿಯಲು ರಂಧ್ರವಿರಬೇಕು; ಬಾನಿಯನ್ನು ಕಲ್ಲುಗಳ ಮೇಲೆ ಎತ್ತರಿಸಿಡಬೇಕು. ಒಂದು ಪಾಲು ತೋಟದ ಮಣ್ಣು, ಒಂದು ಪಾಲು ಎಲೆಗೊಬ್ಬರ, ಎರಡು ಪಾಲು ಸಣ್ಣ ಜಲ್ಲಿಯನ್ನು ಬೆರೆಸಿ ತುಂಬಬೇಕು. ಗಿಡದ ಕತ್ತಿನ ಸುತ್ತ ಜಲ್ಲಿಯನ್ನೇ ಹರಡಬೇಕು. ಬಿಸಿಲು ಧಾರಾಳವಾಗಿ ಬೀಳಬೇಕು.

ಹಿಮದಲ್ಲಿ ಬಾಳುವ ಈ ಗಿಡವನ್ನು ಚಳಿಯು ಕೊಲ್ಲುವುದಿಲ್ಲ, ತೇವವು ಕೊಲ್ಲುತ್ತದೆ. ಬೆಟ್ಟದ ಮೇಲೆ ಮಂಜಿನ ಹೊದಿಕೆಯಡಿಯಲ್ಲಿ ಅದು ಒಣಗಿದ ನೆಲದಲ್ಲಿ ನಿದ್ರಿಸುತ್ತದೆ. ತಗ್ಗಿನ ತೋಟದಲ್ಲಾದರೋ ಚಳಿಗಾಲದ ಜಿಟಿಜಿಟಿ ಮಳೆಗೆ ಅದರ ಬುಡ ಕೊಳೆಯುತ್ತದೆ. ಆದುದರಿಂದ ಬಲ್ಲವರು ಆ ತಿಂಗಳುಗಳಲ್ಲಿ ಬಾನಿಯ ಮೇಲೆ ಗಾಜಿನ ಹಲಗೆಯನ್ನಿರಿಸಿ, ಗಾಳಿಯಾಡಲು ಪಕ್ಕಗಳನ್ನು ತೆರೆದಿಡುತ್ತಾರೆ. ಆಲ್ಪೈನಸ್ ಅಲ್ಪಾಯುಷಿ. ಹೂಬಿಟ್ಟ ಬಳಿಕ ಎಳೆಯ ಕುಡಿಗಳನ್ನು ಮರಳಿನಲ್ಲಿ ನೆಟ್ಟು ಬೇರು ಬರಿಸಿಕೊಂಡರೆ ವಂಶ ಉಳಿಯುತ್ತದೆ.

ಹೂವಿನ ಮೇಲಿನ ಮೋಹವೇ ಹೂವಿಗೆ ಮೃತ್ಯುವಾಗುವುದೂ ಉಂಟು. ಇಂಗ್ಲೆಂಡಿನ ಚೆಡ್ಡರ್ ಕಣಿವೆಯ ಬಂಡೆಗಳಲ್ಲಿ ಅರಳುವ ಇದೇ ಕುಲದ ‘ಚೆಡ್ಡರ್ ಪಿಂಕ್’ ಗಿಡಗಳನ್ನು ಜನರು ಕಿತ್ತು ಒಯ್ದು, ಅದು ವಿರಳವಾಯಿತು. 1981ರ ಕಾನೂನು ಅದನ್ನು ಕೀಳುವುದನ್ನು ಅಪರಾಧವೆಂದು ಸಾರಿತು. ಅದೇ ಗಿಡವಾದರೋ ಬೀಜದಿಂದಲೂ ಕುಡಿಯಿಂದಲೂ ಸುಲಭವಾಗಿ ಬೆಳೆಯುತ್ತದೆ! ಬಂಡೆಯ ಹೂವನ್ನು ಬಂಡೆಗೇ ಬಿಟ್ಟು, ಬೀಜದಿಂದ ತನ್ನದನ್ನು ತಾನು ಬೆಳೆಸಿಕೊಳ್ಳುವವನೇ ನಿಜವಾದ ಪುಷ್ಪಪ್ರೇಮಿ.