ತಾಯಿಯ ಪತ್ರ ಮತ್ತು ಠಾಣೆಯ ಹೊಣೆ

1987ರ ಡಿಸೆಂಬರ್ 1ರಂದು ಒಡಿಶಾದಲ್ಲಿ ಪೊಲೀಸರು ಕರೆದೊಯ್ದ 22ರ ತರುಣನ ಶವವು ಮರುದಿನ ರೈಲು ಹಳಿಯ ಬಳಿ ದೊರೆಯಿತು. ತಾಯಿ ನೀಲಾಬತಿ ಬೆಹೆರಾ ಬರೆದ ಪತ್ರವನ್ನೇ ಸರ್ವೋಚ್ಚ ನ್ಯಾಯಾಲಯವು ಅರ್ಜಿಯಾಗಿ ಸ್ವೀಕರಿಸಿತು. ಆತ ತಪ್ಪಿಸಿಕೊಂಡು ರೈಲಿಗೆ ಸಿಲುಕಿದನೆಂಬ ಪೊಲೀಸರ ವಾದವನ್ನು ತಳ್ಳಿಹಾಕಿ, ಸರಕಾರವೇ 1,50,000 ರೂಪಾಯಿ ಪರಿಹಾರ ನೀಡಬೇಕೆಂದು 1993ರಲ್ಲಿ ಆದೇಶಿಸಿತು. ವಶದಲ್ಲಿರುವವನ ಜೀವಕ್ಕೆ ರಾಜ್ಯವೇ ಹೊಣೆ ಎಂಬುದು ತೀರ್ಪಿನ ತಿರುಳು.

1996ರ ಡಿ.ಕೆ. ಬಸು ತೀರ್ಪು ಈ ಹೊಣೆಗೆ ನಿಯಮಗಳ ರೂಪ ನೀಡಿತು. ಬಂಧನದ ಟಿಪ್ಪಣಿಗೆ ಸಾಕ್ಷಿಯ ಸಹಿ ಇರಬೇಕು. 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ನಡೆಯಬೇಕು. ಬಂಧುಗಳು ಬೇರೆ ಜಿಲ್ಲೆಯಲ್ಲಿದ್ದರೆ 8ರಿಂದ 12 ಗಂಟೆಯೊಳಗೆ ಅವರಿಗೆ ಸುದ್ದಿ ಮುಟ್ಟಿಸಬೇಕು. ಊರು ಬಿಟ್ಟು ಬಂದು ನೆಲೆಸಿದ ನಮ್ಮಂಥ ಕುಟುಂಬಗಳು ಈ ಕೊನೆಯ ನಿಯಮವನ್ನು ವಿಶೇಷವಾಗಿ ನೆನಪಿಡತಕ್ಕದ್ದು.

ಆದರೆ ಚಿತ್ರಹಿಂಸೆಯ ವಿರುದ್ಧ ಪ್ರತ್ಯೇಕ ಕಾಯಿದೆ ಇನ್ನೂ ಇಲ್ಲ. 2010ರಲ್ಲಿ ಲೋಕಸಭೆ ಅಂಗೀಕರಿಸಿದ ಮಸೂದೆ ಕಾಯಿದೆಯಾಗಲೇ ಇಲ್ಲ.