ಗ್ರೈಂಡರ್ ಆನ್ ಮಾಡೋ ಮೊದಲು ಎರಡು ನಂಬರ್ ಓದ್ರಿ

ಇಯರ್‌ಫೋನ್ ಹಾಕ್ಕೊಂಡು, ಕೈಯಲ್ಲಿ ಗ್ರೈಂಡರ್ ಹಿಡಿದು ಇದನ್ನ ಕೇಳ್ತಿದ್ರೆ, ಮೊದಲು ಮಷಿನ್ ಕೆಳಗಿಡ್ರಿ. ಐದು ನಿಮಿಷ ಕೇಳಿ, ಆಮೇಲೆ ಶುರು ಮಾಡ್ರಿ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಕಬ್ಬಿನ ಸೀಸನ್ ಬಂತಂದ್ರೆ ಟ್ರೇಲರ್ ರಿಪೇರಿ ಇದ್ದದ್ದೇ. ವೆಲ್ಡಿಂಗ್ ಅಂಗಡಿಯವರಿಗೆ ಪುರುಸೊತ್ತಿರಲ್ಲ. ಆಗ ‘ನಾವೇ ಕಟ್ ಮಾಡಿದ್ರಾಯ್ತು’ ಅನ್ನಿಸುತ್ತೆ. ನನಗೂ ಹಂಗೇ ಅನ್ನಿಸಿತ್ತು.

ದನದ ಕೊಟ್ಟಿಗೆ ಬಾಗಿಲಿಗೆ ಕಬ್ಬಿಣದ ಪಟ್ಟಿ ಕತ್ತರಿಸಬೇಕಿತ್ತು. ಗೆಳೆಯನ ಹತ್ತಿರ ಮಷಿನ್ ತಂದೆ. ಗಾರ್ಡ್ ಇರಲಿಲ್ಲ. ಕೇಳಿದ್ರೆ, ‘ಅಡ್ಡ ಬರ್ತೈತಿ, ಬಿಚ್ಚಿಟ್ಟೀನಿ’ ಅಂದ. ಪಟ್ಟಿ ಅರ್ಧ ಕಟ್ ಆಗಿತ್ತು, ಡಿಸ್ಕ್ ಸಿಕ್ಕಿಹಾಕಿಕೊಂಡು ಒಡೀತು. ಒಂದು ಚೂರು ನನ್ನ ಕಿವಿ ಪಕ್ಕ ಹಾದು ತಗಡಿಗೆ ಬಡೀತು. ಆ ತಗ್ಗು ಇವತ್ತಿಗೂ ಹಂಗೇ ಇದೆ.

ನಾನು ಬಿ.ಕಾಂ. ಓದಿದವನು, ಆಮೇಲೆ ಕೂತು ಲೆಕ್ಕ ಹಾಕಿದೆ. ನಾಲ್ಕು ಇಂಚಿನ ಮಷಿನ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತೆ. ಅಂದ್ರೆ ಡಿಸ್ಕಿನ ಅಂಚು ಗಂಟೆಗೆ 200 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡ್ತಿರುತ್ತೆ. ಒಡೆದ ಚೂರೂ ಅದೇ ವೇಗದಲ್ಲಿ ಹೊರಡುತ್ತೆ.

ಅದಕ್ಕೇ ಎರಡು ನಂಬರ್. ಮಷಿನ್ ಮೇಲೆ ಒಂದು ಆರ್‌ಪಿಎಂ ಇರುತ್ತೆ, ಡಿಸ್ಕ್ ಮೇಲೆ ಇನ್ನೊಂದು. ಡಿಸ್ಕಿನ ನಂಬರ್ ಮಷಿನ್‌ಗಿಂತ ಕಡಿಮೆ ಇರಲೇಬಾರದು. ನಾಲ್ಕು ಇಂಚಿನ ಡಿಸ್ಕ್ ಮೇಲೆ ಸುಮಾರು 15,000 ಇರುತ್ತೆ, ಸರಿ. ಏಳು ಇಂಚಿನದರ ಮೇಲೆ ಸುಮಾರು 8,500 ಮಾತ್ರ. ಅದನ್ನ ಗಾರ್ಡ್ ಬಿಚ್ಚಿ, ಬುಶ್ ಹಾಕಿ ಸಣ್ಣ ಮಷಿನ್‌ಗೆ ಕೂರಿಸೋರಿದ್ದಾರೆ. ಆಗ ವೇಗ ಮಿತಿಗಿಂತ ಶೇ 29ರಷ್ಟು ಜಾಸ್ತಿ. ಡಿಸ್ಕನ್ನ ಸೀಳೋ ಒತ್ತಡ ಮಾತ್ರ ಶೇ 67ರಷ್ಟು ಜಾಸ್ತಿ! ಶೇ 29ರಂತೆ ಎರಡು ವರ್ಷ ಚಕ್ರಬಡ್ಡಿ ಹಾಕಿದಂಗ. ಡಿಸ್ಕಿನ ನಡುವಿನ ಲೋಹದ ಬಳೆ ಮೇಲೆ ಎಕ್ಸ್‌ಪೈರಿ ತಾರೀಖೂ ಇರುತ್ತೆ, ನೋಡ್ರಿ.

ಇನ್ನು ಕೆಲಸ. ಪ್ಲಗ್ ತೆಗೆದೇ ಡಿಸ್ಕ್ ಹಾಕ್ರಿ. ಗಾರ್ಡ್ ನಿಮ್ಮ ಮತ್ತು ಡಿಸ್ಕಿನ ನಡುವೆ ಇರಲಿ. ಹೊಸ ಡಿಸ್ಕ್ ಹಾಕಿದ ಮೇಲೆ ಪಕ್ಕಕ್ಕೆ ನಿಂತು, ಒಂದು ನಿಮಿಷ ಖಾಲಿ ಓಡಿಸ್ರಿ. ತೆಳು ಕಟಿಂಗ್ ಡಿಸ್ಕಿನಿಂದ ಉಜ್ಜಬೇಡ್ರಿ, ಉಜ್ಜೋಕೆ ದಪ್ಪ ಡಿಸ್ಕ್ ಬೇರೆ ಇದೆ. ಕಬ್ಬಿಣವನ್ನ ಕಾಲಲ್ಲಿ ಒತ್ತಿ ಹಿಡೀಬೇಡ್ರಿ, ಕ್ಲಾಂಪ್ ಹಾಕ್ರಿ. ಕತ್ತರಿಸಿದ ತುಂಡು ಕೆಳಗೆ ಬೀಳೋ ಹಾಗಿರಲಿ. ಎರಡೂ ಕಡೆ ಆಸರೆ ಇದ್ದರೆ ನಡುವೆ ಬಗ್ಗಿ ಡಿಸ್ಕನ್ನ ಹಿಡಿದುಬಿಡುತ್ತೆ. ನನಗೆ ಆಗಿದ್ದು ಅದೇ. ಎರಡೂ ಕೈಯಲ್ಲಿ ಹಿಡೀರಿ, ಡಿಸ್ಕಿನ ನೇರಕ್ಕೆ ಮುಖ ತರಬೇಡ್ರಿ.

ಕೂಲಿಂಗ್ ಗ್ಲಾಸ್ ನಡೆಯಲ್ಲ. ಸೇಫ್ಟಿ ಗಾಗಲ್ ಬೇಕು, ಅದರ ಮೇಲೆ ಫೇಸ್ ಶೀಲ್ಡ್ ಇದ್ದರೆ ಇನ್ನೂ ಒಳ್ಳೇದು. ಕೊರಳಲ್ಲಿ ಟವಲ್ ಬೇಡ. ನಮ್ಮ ಅಥಣಿ ಚಪ್ಪಲಿ ಎಷ್ಟೇ ಹೆಸರುವಾಸಿ ಆಗಿರಲಿ, ಇಲ್ಲಿ ಬೂಟೇ ಸೈ.

ನಮ್ಮ ಕಡೆಗೆ ಅಂತ ಎರಡು ಮಾತು. ಕಿಡಿ ದೂರ ಹಾರುತ್ತೆ. ಒಣ ರವದಿ, ಮೇವಿನ ಬಣವಿ, ನಿಪ್ಪಾಣಿ ಕಡೆ ತಂಬಾಕಿನ ಗೋದಾಮು ಹತ್ತಿರ ಇದ್ದರೆ ಜಾಗ ಬದಲಿಸ್ರಿ, ಒಂದು ಬಕೆಟ್ ನೀರು ಪಕ್ಕಕ್ಕಿಡ್ರಿ. ಎರಡನೇದು, ಕರೆಂಟ್ ಹೋದ ತಕ್ಷಣ ಸ್ವಿಚ್ ಆಫ್ ಮಾಡ್ರಿ. ಮರೆತು ಕೆಳಗಿಟ್ಟರೆ, ಕರೆಂಟ್ ಬಂದಾಗ ಮಷಿನ್ ತಾನೇ ಓಡೋಕೆ ಶುರು ಮಾಡಬಹುದು. ಹತ್ತಿರ ಮಕ್ಕಳಿರಬಹುದು.

ಕಣ್ಣಿಗೆ ಚೂರು ಬಿದ್ರೆ ಉಜ್ಜಬೇಡ್ರಿ, ಯಾರ ಕೈಯಲ್ಲೂ ತೆಗೆಸಬೇಡ್ರಿ. ಸೀದಾ ಕಣ್ಣಿನ ಡಾಕ್ಟರ್ ಹತ್ತಿರ ಹೋಗ್ರಿ.

ಆ ಗೆಳೆಯ ಈಗ ಗಾರ್ಡ್ ವಾಪಸ್ ಹಾಕಿದಾನೆ. ನಿಮಗೂ ಅಂಥ ಗೆಳೆಯ ಇದ್ದರೆ, ಈ ಕಂತು ಅವನಿಗೆ ಕಳಿಸ್ರಿ. ಮತ್ತೆ ಸಿಗೋಣ.